ಪಿಯುಸಿನಾ, ಡಿಪ್ಲೊಮಾನಾ? ಮೊದಲು ವರ್ಷ ಎಣಿಸಿ, ಆಮೇಲೆ ಫೀಸು

ದಾವಣಗೆರೆಯ ಹದಡಿ ರಸ್ತೆಯಲ್ಲಿ ನನ್ನದೊಂದು ಸಣ್ಣ ಜೆರಾಕ್ಸ್ ಅಂಗಡಿ. ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಗಿರಾಕಿಗಳಿಗೆ ಒಂದು ಬೆಂಚು. ಉಳಿದ ದಿನ ಪಹಣಿ ಪ್ರಿಂಟು, ಆಧಾರ್ ಜೆರಾಕ್ಸು ಅಂತ ನಡೆಯುತ್ತದೆ. ಮೇ ತಿಂಗಳು ಬಂದರೆ ಮಾತ್ರ ಆ ಬೆಂಚಿನ ಮೇಲೆ ಕೂರಲು ಜಾಗ ಸಿಗುವುದಿಲ್ಲ. ಒಂದು ಕೈಯಲ್ಲಿ ಮಾರ್ಕ್ಸ್ ಕಾರ್ಡು, ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಫೈಲು ಹಿಡಿದ ಅಪ್ಪಂದಿರು, ಪಕ್ಕದಲ್ಲಿ ಮಾತೇ ಆಡದ ಮಕ್ಕಳು.

ಈ ಸಲ ಜಗಳೂರು ಕಡೆಯ ರೈತರೊಬ್ಬರು ಮಗಳನ್ನು ಕರೆದುಕೊಂಡು ಬಂದಿದ್ದರು. ಹುಡುಗಿಗೆ ಎಸ್ಸೆಸ್ಸೆಲ್ಸಿಯಲ್ಲಿ ಶೇ 82. ಗಣಿತದಲ್ಲಿ ಮಾತ್ರ ಸ್ವಲ್ಪ ಕಡಿಮೆ. "ಎಂಜಿನಿಯರ್ ಮಾಡ್ಬೇಕಂತಾಳ್ರಿ. ಪಿಯು ಸೈನ್ಸ್ ಚಲೋನಾ, ಡಿಪ್ಲೊಮಾ ಚಲೋನಾ, ನೀವೇ ಹೇಳ್ಬಿಡ್ರಿ ಸಾರ್" ಅಂದರು. ನಾನು ಹಳೇ ಪ್ರಿಂಟು ಹಾಳೆಯೊಂದನ್ನು ತಿರುಗಿಸಿ ಎರಡು ಗೆರೆ ಎಳೆದೆ. ಅವತ್ತು ಆ ಹಾಳೆಯ ಮೇಲೆ ಬರೆದದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಎರಡು ದಾರಿ, ಆರೇ ವರ್ಷ

ಮೊದಲ ಗೆರೆ: ಪಿಯುಸಿ 2 ವರ್ಷ, ಬಿಇ 4 ವರ್ಷ. ಒಟ್ಟು 6.

ಎರಡನೇ ಗೆರೆ: ಡಿಪ್ಲೊಮಾ 3 ವರ್ಷ. ಆಮೇಲೆ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಬಿಇಗೆ ನೇರವಾಗಿ ಎರಡನೇ ವರ್ಷಕ್ಕೆ ಸೇರಿ, ಅಲ್ಲಿ 3 ವರ್ಷ. ಒಟ್ಟು 6.

ಆ ಅಪ್ಪ ಹಾಳೆಯನ್ನು ಎರಡು ಸಲ ನೋಡಿದರು. ಡಿಪ್ಲೊಮಾ ಮಾಡಿದರೆ ವರ್ಷ ವೇಸ್ಟು ಅಂತ ಊರಲ್ಲಿ ಯಾರೋ ಹೇಳಿದ್ದರಂತೆ. ಈ ಮಾತನ್ನು ನಾನು ವಾರಕ್ಕೆ ಹತ್ತು ಸಲ ಕೇಳುತ್ತೇನೆ. ಬಿಇವರೆಗೂ ಹೋಗುವವರಿಗೆ ಎರಡೂ ಕಡೆ ವರ್ಷ ಒಂದೇ.

ವ್ಯತ್ಯಾಸ ಇರುವುದು ನಡುವೆ. ಆರು ವರ್ಷದಲ್ಲಿ ಮನೆಯಲ್ಲಿ ಏನಾದರೂ ಆಗಬಹುದು. ಎರಡು ವರ್ಷ ಮಳೆ ಕೈಕೊಡಬಹುದು, ಯಾರಿಗೋ ಹುಷಾರು ತಪ್ಪಬಹುದು, ಅಡಿಕೆ ರೇಟು ಬೀಳಬಹುದು. ನಡುವೆ ನಿಲ್ಲಿಸಲೇಬೇಕಾಗಿ ಬಂದರೆ ಮಗುವಿನ ಕೈಯಲ್ಲಿ ಏನಿರುತ್ತದೆ? ಪಿಯು ಸೈನ್ಸ್ ಮುಗಿಸಿ ನಿಂತ ಹುಡುಗನಿಗೆ ಆ ಸರ್ಟಿಫಿಕೇಟು ತೋರಿಸಿ ಕೆಲಸ ಕೇಳುವುದು ಕಷ್ಟ. ಡಿಪ್ಲೊಮಾ ಮುಗಿಸಿದವನು ವರ್ಕ್‌ಶಾಪಿಗೆ, ಸೈಟಿಗೆ, ಫ್ಯಾಕ್ಟರಿಗೆ ಹೋಗಬಹುದು. ಸಿವಿಲ್ ಡಿಪ್ಲೊಮಾ ಇದ್ದರೆ ಸರ್ಕಾರದ ಜೂನಿಯರ್ ಎಂಜಿನಿಯರ್ ಹುದ್ದೆ ಕರೆದಾಗ ಅರ್ಜಿ ಹಾಕಬಹುದು. ಅದಕ್ಕೇ ನನ್ನ ಲೆಕ್ಕ ಹೀಗೆ: ಮನೆಗೆ ಒಬ್ಬರದೇ ದುಡಿಮೆ, ಅದೂ ಮಳೆ ನಂಬಿದ ದುಡಿಮೆ ಅಂದರೆ, ನಡುವೆ ಇಳಿಯಲು ಸ್ಟಾಪ್ ಇರುವ ಬಸ್ಸು ಹತ್ತಿ. ಇಬ್ಬರೂ ಸಂಬಳದವರಾಗಿದ್ದು ಮಗು ಓದಿನಲ್ಲಿ ಮುಂದಿದ್ದರೆ ಪಿಯುಸಿ ಧಾರಾಳವಾಗಿ ಹಿಡಿಯಬಹುದು.

ಒಂದು ಎಚ್ಚರಿಕೆ ಹೇಳಲೇಬೇಕು. ಡಾಕ್ಟರ್, ಕೃಷಿ ಬಿಎಸ್ಸಿ, ವೆಟರ್ನರಿ ಅಂತ ಮನಸ್ಸಿದ್ದರೆ ಡಿಪ್ಲೊಮಾ ಕಡೆ ಹೋಗಬೇಡಿ. ಅದಕ್ಕೆಲ್ಲ ಬಯಾಲಜಿ ಇರುವ ಪಿಯುಸಿಯೇ ಬೇಕು. ಹದಿನೈದು ವರ್ಷದ ಮಗುವಿಗೆ ಏನು ಬೇಕು ಅಂತ ಇನ್ನೂ ಗೊತ್ತಿಲ್ಲ ಅಂದರೂ ಪಿಯುಸಿಯೇ ವಾಸಿ. ಯಾವ ಕಡೆಗಾದರೂ ತಿರುಗಬಹುದು.

ಪಿಯು ಸೈನ್ಸ್, ನಮ್ಮ ಮನೆಯ ಕಥೆ

ನನ್ನ ದೊಡ್ಡ ಮಗನನ್ನು ಇಲ್ಲೇ ಒಂದು 'ಇಂಟಿಗ್ರೇಟೆಡ್' ಪಿಯು ಕಾಲೇಜಿಗೆ ಸೇರಿಸಿದ್ದೆ. ಪಿಯುಸಿ ಜೊತೆಗೇ ನೀಟ್, ಜೆಇಇ, ಸಿಇಟಿ ಪ್ರವೇಶ ಪರೀಕ್ಷೆಗಳ ಕೋಚಿಂಗು. ವರ್ಷಕ್ಕೆ ಲಕ್ಷದ ಮೇಲೆ ಫೀಸು. ಗೋಡೆ ತುಂಬ ರ‍್ಯಾಂಕ್ ಬಂದವರ ಫೋಟೊ. ಸೇರಿದ ಮೇಲೆ ಗೊತ್ತಾಯಿತು, ಆ ಫೋಟೊದ ಮಕ್ಕಳಿಗೆ ಬೇರೆ ಸೆಕ್ಷನ್, ಬೇರೆ ಲೆಕ್ಚರರು. ನನ್ನ ಮಗ ಇದ್ದದ್ದು ಆರನೇ ಸೆಕ್ಷನ್ನಿನಲ್ಲಿ. ಬೆಳಿಗ್ಗೆ ಏಳಕ್ಕೆ ಹೋದವನು ರಾತ್ರಿ ಎಂಟಕ್ಕೆ ಬರುತ್ತಿದ್ದ, ಊಟ ಮಾಡುತ್ತಲೇ ತೂಕಡಿಸುತ್ತಿದ್ದ. ಸಿಇಟಿ ರ‍್ಯಾಂಕ್ ಲಕ್ಷ ದಾಟಿತು. ಕೊನೆಗೆ ಬಿಎಸ್ಸಿ ಸೇರಿದ. ಅದಕ್ಕೆ ನೂರು ರೂಪಾಯಿ ಕೋಚಿಂಗೂ ಬೇಕಿರಲಿಲ್ಲ.

ಕಾಲೇಜು ಬಿಡುವಾಗ ಇನ್ನೊಂದು ಫಜೀತಿ. ಕೊನೆ ಕಂತು ಸ್ವಲ್ಪ ಬಾಕಿ ಇತ್ತು. ಎಸ್ಸೆಸ್ಸೆಲ್ಸಿಯ ಒರಿಜಿನಲ್ ಮಾರ್ಕ್ಸ್ ಕಾರ್ಡು ಕೊಡುವುದಿಲ್ಲ ಅಂತ ಕೂತುಬಿಟ್ಟರು. ಅದಿಲ್ಲದೆ ದಾಖಲೆ ಪರಿಶೀಲನೆ ಇಲ್ಲ. ಹೆಂಡತಿಯ ಬಳೆ ಅಡವಿಟ್ಟು ಬಿಡಿಸಿಕೊಂಡು ಬಂದೆ. ಆಮೇಲೆ ಓದಿ ತಿಳಿದುಕೊಂಡೆ: ಡಿಗ್ರಿ ಕಾಲೇಜುಗಳು ಮಕ್ಕಳ ಒರಿಜಿನಲ್ ಸರ್ಟಿಫಿಕೇಟು ಇಟ್ಟುಕೊಳ್ಳಬಾರದು ಅಂತ ವಿಶ್ವವಿದ್ಯಾಲಯಗಳ ಮೇಲಿರುವ ಯುಜಿಸಿ 2018ರಲ್ಲೇ ಹೇಳಿದೆ. ಡಿಗ್ರಿಗೆ ಸೇರುವಾಗ ಇದು ನೆನಪಿರಲಿ. ಪಿಯುಗೆ ಸೇರುವಾಗಲೂ ಒರಿಜಿನಲ್ ಕೊಟ್ಟರೆ ಕೈಬರಹದ್ದಾದರೂ ಸರಿ, ಒಂದು ರಸೀದಿ ಬರೆಸಿಕೊಳ್ಳಿ.

ಕೋಚಿಂಗ್ ಪೂರ್ತಿ ಸುಳ್ಳು ಅಂತ ನಾನು ಹೇಳುವುದಿಲ್ಲ. ಡಾಕ್ಟರ್ ಓದಿಗೆ ನೀಟ್ ಬರೆಯುವವರಿಗೆ ಬೇಕಾಗಬಹುದು. ಎಂಜಿನಿಯರಿಂಗಿಗೆ ಮಾತ್ರ ಒಂದು ವಿಷಯ ತಿಳಿದಿರಿ. ಸಿಇಟಿ ರ‍್ಯಾಂಕಿಗೆ ಅರ್ಧ ಸಿಇಟಿ ಅಂಕ, ಅರ್ಧ ಪಿಯುಸಿ ಬೋರ್ಡಿನ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಅಂಕ. ಬೋರ್ಡಿನ ಪುಸ್ತಕ ಚೆನ್ನಾಗಿ ಓದಿದರೆ ಅರ್ಧ ಕೆಲಸ ಅಲ್ಲೇ ಆಯಿತು. ಸರ್ಕಾರಿ ಪಿಯು ಕಾಲೇಜಿನಲ್ಲಿ ಫೀಸು ಕೆಲವೇ ಸಾವಿರ. ಲಕ್ಷ ಕೊಡುವ ಮುಂಚೆ ಆ ಕಾಲೇಜಿನವರನ್ನು ಒಂದೇ ಪ್ರಶ್ನೆ ಕೇಳಿ: ನಿಮ್ಮಲ್ಲಿ ಕೊನೆ ಸೆಕ್ಷನ್ನಿನ ಮಕ್ಕಳಿಗೆ ಹೋದ ವರ್ಷ ಎಷ್ಟು ರ‍್ಯಾಂಕ್ ಬಂತು? ಮೊದಲ ಸೆಕ್ಷನ್ನಿನದು ಗೋಡೆ ಮೇಲೇ ಇರುತ್ತಲ್ಲ.

ಡಿಪ್ಲೊಮಾ: ಎಲ್ಲಿ ಸುಲಭ, ಎಲ್ಲಿ ಕಷ್ಟ

ನನ್ನ ಚಿಕ್ಕ ಮಗ ಅಣ್ಣನನ್ನು ನೋಡಿ ತಾನೇ ಡಿಪ್ಲೊಮಾ ಆರಿಸಿಕೊಂಡ. ದಾವಣಗೆರೆಯಲ್ಲಿ ಡಿ.ಆರ್.ಆರ್. ಸರ್ಕಾರಿ ಪಾಲಿಟೆಕ್ನಿಕ್ ಇದೆ, ಚಿತ್ರದುರ್ಗದಲ್ಲೂ ಸರ್ಕಾರಿ ಪಾಲಿಟೆಕ್ನಿಕ್ ಇದೆ. ಪ್ರವೇಶ ಎಸ್ಸೆಸ್ಸೆಲ್ಸಿ ಅಂಕದ ಮೇಲೆ. ಫೀಸು ವರ್ಷಕ್ಕೆ ಕೆಲವು ಸಾವಿರದಲ್ಲಿ ಮುಗಿಯುತ್ತದೆ.

ಕಷ್ಟ ಇರುವುದು ಮೊದಲ ಸೆಮಿಸ್ಟರಿನಲ್ಲಿ. ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದ ಮಗುವಿಗೆ ಒಂದೇ ಸಲ ಇಂಗ್ಲಿಷ್ ಪುಸ್ತಕ, ಜೊತೆಗೆ ಡ್ರಾಯಿಂಗ್. ನನ್ನ ಮಗ ಮೊದಲ ಸೆಮ್‌ನಲ್ಲಿ ಮ್ಯಾಥ್ಸ್ ಹೊಡೆಸಿಕೊಂಡ. ಬ್ಯಾಕ್ ಬಂತು ಅಂತ ಮನೆಯಲ್ಲಿ ಮೂರು ದಿನ ಮಾತಿಲ್ಲ. ಎರಡನೇ ಸಲ ಪಾಸಾದ, ಆಮೇಲೆ ಎಲ್ಲೂ ನಿಲ್ಲಲಿಲ್ಲ. ಇಂಥ ಮನೆಗಳವರಿಗೆ ನಾನು ಹೇಳುವುದು ಇಷ್ಟೇ: ಮೊದಲ ಆರು ತಿಂಗಳು ಟ್ಯೂಷನ್ನಿಗೆ ಖರ್ಚು ಮಾಡಿ, ಬೈಕಿಗೆ ಬೇಡ.

ಬಿಇಗೆ ಸೇರಿದ ಮೇಲೆ ಗಣಿತ ಮತ್ತೆ ಎದುರಾಗುತ್ತದೆ. ಮೊದಲ ವರ್ಷ ಓದದೆ ಎರಡನೇ ವರ್ಷಕ್ಕೆ ಹೋಗಿರುತ್ತಾರಲ್ಲ, ಹಾಗಾಗಿ ವಿಟಿಯು (ಎಂಜಿನಿಯರಿಂಗ್ ಕಾಲೇಜುಗಳ ವಿಶ್ವವಿದ್ಯಾಲಯ) ಡಿಪ್ಲೊಮಾದಿಂದ ಬಂದವರಿಗೆ ಹೆಚ್ಚಿನ ಗಣಿತ ಪೇಪರ್ ಇಟ್ಟಿದೆ. ಇನ್ನೊಂದು ತೊಡಕು ಸೀಟು. ಮೊದಲ ವರ್ಷದಲ್ಲೇ ತುಂಬಿಹೋಗುವ ಕಂಪ್ಯೂಟರ್ ಸೈನ್ಸ್‌ನಂಥ ಬ್ರಾಂಚಿನಲ್ಲಿ ಲ್ಯಾಟರಲ್ ಸೀಟು (ನೇರ ಎರಡನೇ ವರ್ಷದ ಸೀಟು) ಕಡಿಮೆ, ಪೈಪೋಟಿ ಜಾಸ್ತಿ. ಸಿವಿಲ್, ಮೆಕ್ಯಾನಿಕಲ್‌ನಲ್ಲಿ ಅಷ್ಟು ನೂಕುನುಗ್ಗಲು ಇರುವುದಿಲ್ಲ. ಮಗಳಿಗೆ ಕಂಪ್ಯೂಟರೇ ಬೇಕು, ಬೆಂಗಳೂರಿನ ದೊಡ್ಡ ಕಾಲೇಜೇ ಬೇಕು ಅಂದರೆ ಪಿಯುಸಿ ದಾರಿಯೇ ನೇರ.

ಹರಿಹರದ ಜಿಟಿಟಿಸಿ ಅನ್ನುವ ಸರ್ಕಾರಿ ಟೂಲ್ ತರಬೇತಿ ಕೇಂದ್ರವನ್ನು ನಮ್ಮ ಜನ ಯಾಕೋ ಮರೆಯುತ್ತಾರೆ. ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ, ಮೂರು ವರ್ಷ ಓದು, ಆಮೇಲೆ ಒಂದು ವರ್ಷ ಫ್ಯಾಕ್ಟರಿಯಲ್ಲಿ ತರಬೇತಿ. ಫೀಸು ಸರ್ಕಾರಿ ಪಾಲಿಟೆಕ್ನಿಕ್‌ಗಿಂತ ಜಾಸ್ತಿ, ಓದುವುದಕ್ಕಿಂತ ಮಿಷಿನ್ ಮುಂದೆ ನಿಲ್ಲುವುದು ಜಾಸ್ತಿ. ಒಂದು ಕಾಲಕ್ಕೆ ಇದೇ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಲೇತ್ ಮಿಷಿನ್ ತಯಾರಾಗಿ ದೇಶಕ್ಕೆಲ್ಲ ಹೋಗುತ್ತಿತ್ತು. ಫ್ಯಾಕ್ಟರಿ ಮುಚ್ಚಿದರೂ ಕೈಕೆಲಸ ಬಲ್ಲವರಿಗೆ ಬೆಲೆ ಹೋಗಿಲ್ಲ. ಪುಸ್ತಕ ಹಿಡಿದರೆ ನಿದ್ದೆ ಬರುವ, ಆದರೆ ಕೆಟ್ಟ ಮಿಕ್ಸಿಯನ್ನು ಬಿಚ್ಚಿ ಜೋಡಿಸುವ ಹುಡುಗರು ಇರುತ್ತಾರಲ್ಲ, ಅವರನ್ನು ಅಲ್ಲಿಗೆ ಒಮ್ಮೆ ಕರೆದುಕೊಂಡು ಹೋಗಿ ತೋರಿಸಿ.

ಐಟಿಐ, ಕಾಮರ್ಸ್, ಆರ್ಟ್ಸ್

ಐಟಿಐ ಒಂದು ಅಥವಾ ಎರಡು ವರ್ಷ. ಬೇಗ ದುಡಿಮೆಗೆ ಇಳಿಯಬೇಕಾದ ಮನೆಗೆ ಇದಕ್ಕಿಂತ ಚಿಕ್ಕ ದಾರಿ ಇಲ್ಲ. ಎಲೆಕ್ಟ್ರಿಷಿಯನ್, ಫಿಟ್ಟರ್ ಟ್ರೇಡುಗಳು ಎರಡು ವರ್ಷದವು. ಆಮೇಲೆ ಅಪ್ರೆಂಟಿಸ್‌ಶಿಪ್, ಅಲ್ಲಿ ಸ್ಟೈಪೆಂಡೂ ಬರುತ್ತದೆ. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಬಹುದು ಅನ್ನುವುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಅಂದರೆ ಈ ಬಾಗಿಲು ಕೂಡ ಬಿಇವರೆಗೆ ತೆರೆದೇ ಇದೆ, ಸ್ವಲ್ಪ ಸುತ್ತು ಅಷ್ಟೆ. ಹಾಗೇ ಇನ್ನೊಂದು ಮಾತು: ವಿದ್ಯುತ್ ಕಂಪನಿ ಬೆಸ್ಕಾಂಗೆ ದಾವಣಗೆರೆ, ಚಿತ್ರದುರ್ಗ ಎರಡೂ ಸೇರುತ್ತವೆ. ಅಲ್ಲಿ ಕಿರಿಯ ಪವರ್‌ಮ್ಯಾನ್ ಹುದ್ದೆ ಕರೆದಾಗ ನೋಡುವುದು ಎಸ್ಸೆಸ್ಸೆಲ್ಸಿ ಅಂಕ, ಜೊತೆಗೆ ಕಂಬ ಹತ್ತುವ ಪರೀಕ್ಷೆ. ಹತ್ತನೇ ಕ್ಲಾಸಿನ ಅಂಕ ಯಾವುದಕ್ಕೂ ಬರಲ್ಲ ಅನ್ನುವ ಹುಡುಗರಿಗೆ ಇದನ್ನು ಹೇಳಿ.

ಕಾಮರ್ಸ್ ನಮ್ಮ ಊರಿಗೆ ಸಹಜವಾದ ಓದು. ವ್ಯಾಪಾರದ ಊರು, ಲೆಕ್ಕ ಬರೆಯುವವರು ಎಲ್ಲ ಗಲ್ಲಿಯಲ್ಲೂ ಬೇಕು. ಮನೆಯಿಂದ ಸೈಕಲ್ಲಿನಲ್ಲಿ ಹೋಗಿ ಬಿಕಾಂ ಮಾಡಬಹುದು. ಸಿಎ ಅಂದರೆ ದುಬಾರಿ ಅಂತ ಹೆದರುತ್ತಾರೆ. ಎಂಜಿನಿಯರಿಂಗಿಗೆ ಹೋಲಿಸಿದರೆ ಖರ್ಚು ತೀರಾ ಕಡಿಮೆ, ಸಿಎ ಆಫೀಸಿನ ತರಬೇತಿ ಅಂದರೆ ಆರ್ಟಿಕಲ್‌ಶಿಪ್ಪಿನಲ್ಲಿ ಕೈಗೆ ಸ್ವಲ್ಪ ದುಡ್ಡೂ ಬರುತ್ತದೆ. ಅಲ್ಲಿ ದುಬಾರಿ ಆಗುವುದು ವರ್ಷಗಳು. ಎಷ್ಟು ಸಲ ಫೇಲಾದರೂ ಮತ್ತೆ ಕೂರುವ ಗಟ್ಟಿತನ ಇದ್ದರೆ ಮಾತ್ರ ಹೋಗಿ.

ಆರ್ಟ್ಸ್ ತೆಗೆದುಕೊಂಡರೆ ನೆಂಟರ ಮನೆಯಲ್ಲಿ ಮುಖ ಸಣ್ಣದಾಗುತ್ತದೆ, ಗೊತ್ತು. ಆದರೆ ಪೊಲೀಸ್, ಎಫ್‌ಡಿಎ, ಟೀಚರ್ ಅಂತ ಸರ್ಕಾರಿ ಪರೀಕ್ಷೆ ಬರೆಯುವುದೇ ಗುರಿ ಆಗಿದ್ದರೆ ಬಿಎ ಜೊತೆಗೇ ತಯಾರಿ ಮಾಡಬಹುದು. ಡಿಗ್ರಿ ನಾಲ್ಕು ವರ್ಷ ಆಗಿಬಿಟ್ಟಿದೆ ಅಂತ ಇನ್ನೂ ಕೆಲವರು ಅಂದುಕೊಂಡಿದ್ದಾರೆ. 2024ರಿಂದ ಕರ್ನಾಟಕದಲ್ಲಿ ಮತ್ತೆ ಮೂರು ವರ್ಷಕ್ಕೇ ಬಂದಿದೆ. ಇನ್ನು ಬಣ್ಣ, ಕುಂಚ ಹಿಡಿಯುವ ಮಗು ಇದ್ದರೆ ದೃಶ್ಯಕಲಾ ಕಾಲೇಜು ನಮ್ಮ ದಾವಣಗೆರೆಯಲ್ಲೇ ಇದೆ. ಅದಕ್ಕಾಗಿ ಬೇರೆ ಊರಿನವರು ಇಲ್ಲಿಗೆ ಬರುತ್ತಾರೆ.

ಮನೆಯಿಂದ ಓಡಾಡೋದಾ, ಬೆಂಗಳೂರಾ?

ಫೀಸಿಗಿಂತ ಜಾಸ್ತಿ ದುಡ್ಡು ಹೋಗುವುದು ಇಲ್ಲಿ. ಬೆಂಗಳೂರಿನಲ್ಲಿ ಊಟ ಸೇರಿ ಶೇರಿಂಗ್ ಪಿಜಿ ತಿಂಗಳಿಗೆ 8 ಸಾವಿರ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 11 ತಿಂಗಳು ಅಂದರೆ 88 ಸಾವಿರ. ನಾಲ್ಕು ವರ್ಷಕ್ಕೆ ಮೂರೂವರೆ ಲಕ್ಷ ದಾಟಿತು. ಇದಕ್ಕೆ ರಸೀದಿ ಇಲ್ಲ. ಫೀಸಿನ ಪಟ್ಟಿಯಲ್ಲಂತೂ ಇದು ಕಾಣುವುದೇ ಇಲ್ಲ.

ದಾವಣಗೆರೆಯಲ್ಲೇ ಯುಬಿಡಿಟಿ ಇದೆ, 1951ರಿಂದ ನಡೆಯುತ್ತಿರುವ ಎಂಜಿನಿಯರಿಂಗ್ ಕಾಲೇಜು, ಈಗ ವಿಟಿಯು ಕೈಕೆಳಗಿದೆ. ಬಿಐಇಟಿ 1979ರಿಂದ ಇದೆ. ಚಿತ್ರದುರ್ಗ ಜಿಲ್ಲೆಯವರಿಗೆ ಚಳ್ಳಕೆರೆಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಇದೆ. ಬೆಂಗಳೂರಿನ ಹೆಸರೇ ಕೇಳದ ಮೂರನೇ ದರ್ಜೆ ಕಾಲೇಜಿಗೆ ಹೋಗುವುದಕ್ಕಿಂತ ಇವು ಎಷ್ಟೋ ವಾಸಿ ಅನ್ನುವುದು ನನ್ನ ಖಡಾಖಂಡಿತ ಅಭಿಪ್ರಾಯ. ಒಳ್ಳೇ ಕಾಲೇಜೇ ಸಿಕ್ಕರೆ ಬೆಂಗಳೂರಿಗೆ ಹೋಗಿ, ಬೇಡ ಅನ್ನಲ್ಲ. ಊರಿನ ಹೆಸರಿಗೆ ಹೋಗಬೇಡಿ ಅಷ್ಟೆ.

ಹುಡುಗಿಯರ ಲೆಕ್ಕ ಬೇರೆಯೇ ಇದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಹರಿಹರದಿಂದ ದಾವಣಗೆರೆ ಹದಿನಾಲ್ಕು ಕಿಲೋಮೀಟರ್, ಚಿತ್ರದುರ್ಗದಿಂದ ಅರವತ್ತರ ಹತ್ತಿರ. ದುರ್ಗದಿಂದ ದಿನಾ ಓಡಾಡುವ ಹುಡುಗಿಯರು ನನ್ನ ಅಂಗಡಿಗೇ ಬರುತ್ತಾರೆ. ದುಡ್ಡು ಉಳಿಯುತ್ತದೆ, ನಿಜ. ಆದರೆ ಹೋಗಿ ಬರಲು ಮೂರು ಗಂಟೆ ಬಸ್ಸಿನಲ್ಲೇ ಕಳೆಯುತ್ತದೆ. ಲ್ಯಾಬ್ ಇರುವ ಕೋರ್ಸಾದರೆ ಹಾಸ್ಟೆಲ್ ಹಿಡಿಯುವುದು ಒಳ್ಳೆಯದು. ಹಿಂದುಳಿದ ವರ್ಗದ ಬಿಸಿಎಂ ಹಾಸ್ಟೆಲ್, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ಲಿಗೆ ಆನ್‌ಲೈನ್ ಅರ್ಜಿ. ಹಿಂದುಳಿದ ವರ್ಗದ ಮಕ್ಕಳಿಗೆ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ ಅಂತ ಊಟ, ವಸತಿಗೆ ಸಹಾಯಧನ ಇದೆ. ಅದಕ್ಕೂ ಬೇರೆ ಅರ್ಜಿ ಹಾಕಬೇಕು, ತಾನಾಗಿ ಬರುವುದಿಲ್ಲ.

ಅದೇ ಕಾಲೇಜು, ಬೇರೆ ಬೇರೆ ಬೆಲೆ

ಸಿನಿಮಾ ಥಿಯೇಟರಿನ ಹಾಗೆ ಅಂದುಕೊಳ್ಳಿ. ಪಿಕ್ಚರ್ ಒಂದೇ, ಬಾಲ್ಕನಿಗೆ ಒಂದು ರೇಟು, ಗಾಂಧಿ ಕ್ಲಾಸಿಗೆ ಒಂದು ರೇಟು. ಸಿಇಟಿಯಲ್ಲಿ ಸರ್ಕಾರಿ ಕಾಲೇಜಿನ ಎಂಜಿನಿಯರಿಂಗ್ ಸೀಟಿಗೆ ವರ್ಷಕ್ಕೆ 40 ಸಾವಿರದ ಆಸುಪಾಸು. ಖಾಸಗಿ ಕಾಲೇಜಿನ ಸಿಇಟಿ ಸೀಟಿಗೆ ಅದರ ಎರಡು ಪಟ್ಟು, ಕೆಲವು ಕಡೆ ಇನ್ನೂ ಮೇಲೆ. ಮ್ಯಾನೇಜ್‌ಮೆಂಟ್ ಸೀಟಿನ ರೇಟು ಅವರು ಹೇಳಿದ್ದೇ. ಯುಬಿಡಿಟಿ ಸರ್ಕಾರಿ ಕಾಲೇಜೇ ಆದರೂ ಅಲ್ಲಿ ಅರ್ಧ ಸೀಟು ಪೇಮೆಂಟ್ ಕೋಟಾಕ್ಕೆ ಹೋಗಿದೆ ಅಂತ 2024ರಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದು ಹೋರಾಟ ಮಾಡಿದರು. ಕಾಲೇಜಿನ ಹೆಸರು ನೋಡಿ ಸಂತೋಷ ಪಡುವ ಮುಂಚೆ ಸೀಟು ಯಾವ ಕೋಟಾದ್ದು ಅಂತ ನೋಡಿ.

ಕಡಿಮೆ ಬೆಲೆಯ ಸೀಟಿಗೆ ಇನ್ನೊಂದು ಬಾಗಿಲು ಎಸ್‌ಎನ್‌ಕ್ಯೂ. ಕಾಲೇಜಿನ ಸೀಟುಗಳ ಮೇಲೆ ಶೇ 5ರಷ್ಟು ಹೆಚ್ಚುವರಿ ಸೀಟು, ಮನೆಯ ಆದಾಯ ವರ್ಷಕ್ಕೆ 8 ಲಕ್ಷದೊಳಗೆ ಇರಬೇಕು. ಇದರಲ್ಲಿ ಬೋಧನಾ ಶುಲ್ಕ ಮಾಫಿ, ಉಳಿದ ಶುಲ್ಕ ಕಟ್ಟಬೇಕು. ಎಲ್ಲ ಜಾತಿಯವರಿಗೂ ಇದೆ.

ಹಳ್ಳಿ ಮಕ್ಕಳಿಗೆ ಸಿಇಟಿಯಲ್ಲಿ ಗ್ರಾಮೀಣ ಕೋಟಾ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5. ಎರಡಕ್ಕೂ ಒಂದರಿಂದ ಹತ್ತನೇ ಕ್ಲಾಸಿನವರೆಗೆ ಪೂರ್ತಿ ಹತ್ತು ವರ್ಷ ಹಾಗೇ ಓದಿರಬೇಕು. ಇಲ್ಲೇ ನಮ್ಮವರು ಎಡವುವುದು. ಎಂಟನೇ ಕ್ಲಾಸಿಗೆ 'ದಾವಣಗೆರೆ ಕಾನ್ವೆಂಟು' ಅಂತ ತಂದು ಸೇರಿಸುತ್ತಾರೆ. ಏಳು ವರ್ಷ ಹಳ್ಳಿಯಲ್ಲಿ ಓದಿದ್ದು ಕೋಟಾದ ಲೆಕ್ಕಕ್ಕೆ ಬರದ ಹಾಗಾಗುತ್ತದೆ. ಆರನೇ, ಏಳನೇ ಕ್ಲಾಸಿನ ಮಕ್ಕಳಿರುವವರು ಇದನ್ನು ಈಗಲೇ ಯೋಚಿಸಿ. ಕೃಷಿ ಬಿಎಸ್ಸಿಗೆ ರೈತರ ಮಕ್ಕಳಿಗೆ ಶೇ 50 ಕೋಟಾ ಇದೆ, ಅದಕ್ಕೆ ಬೇರೆ ಪ್ರಾಯೋಗಿಕ ಪರೀಕ್ಷೆ. ಇನ್ನು ಹರಪನಹಳ್ಳಿ ಕಡೆಯವರು ನಮ್ಮ ಜಿಲ್ಲೆ ಬಿಟ್ಟು ಹೋದ ಮೇಲೆ 371ಜೆ (ಕಲ್ಯಾಣ ಕರ್ನಾಟಕದ ವಿಶೇಷ) ಮೀಸಲಾತಿ ಪಡೆಯುತ್ತಿದ್ದಾರೆ. ಪಕ್ಕದ ಜಗಳೂರಿನವರಿಗೆ ಅದಿಲ್ಲ. ಆ ಬಗ್ಗೆ ನನ್ನ ಬೆಂಚಿನ ಮೇಲೆ ಆಗಾಗ ಜಗಳ ಆಗುತ್ತಿರುತ್ತದೆ.

ದುಡ್ಡು ಯಾವಾಗ ಬರುತ್ತೆ, ಯಾವಾಗ ಬೇಕಾಗುತ್ತೆ

ಕಾಲೇಜಿನವರು ಫೀಸು ಕೇಳುವುದು ಜೂನ್‌ನಿಂದ ಆಗಸ್ಟ್ ಒಳಗೆ. ಮೆಕ್ಕೆಜೋಳದವನ ಕೈಯಲ್ಲಿ ಆಗ ಒಂದು ಪೈಸೆ ಇರುವುದಿಲ್ಲ. ಇದ್ದದ್ದೆಲ್ಲ ಬೀಜ, ಗೊಬ್ಬರ ಅಂತ ನೆಲಕ್ಕೆ ಹೋಗಿರುತ್ತದೆ. ಮಾಲು ಎಪಿಎಂಸಿಗೆ ಬರುವುದು ದಸರಾ, ದೀಪಾವಳಿ ಹೊತ್ತಿಗೆ. ಸ್ಕಾಲರ್‌ಶಿಪ್ ಇನ್ನೂ ತಡ, ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್ಸೆಸ್ಪಿಯಲ್ಲಿ ಅರ್ಜಿ ಹಾಕಿ ಅದು ಖಾತೆಗೆ ಬರುವಷ್ಟರಲ್ಲಿ ವರ್ಷವೇ ಮುಗಿಯಬಹುದು. ಈ ನಡುವಿನ ನಾಲ್ಕು ತಿಂಗಳಿಗೇ ಜನ ಕೈಗಡ ಮಾಡುತ್ತಾರೆ.

ಕೈಗಡದ ಬಡ್ಡಿ ನೂರಕ್ಕೆ ಎರಡು ರೂಪಾಯಿ ಅಂದಾಗ ಕಡಿಮೆ ಅನಿಸುತ್ತದೆ. ಅದು ತಿಂಗಳಿಗೆ. ವರ್ಷಕ್ಕೆ ಶೇ 24 ಆಯಿತು. ಮೂರು ರೂಪಾಯಿ ಆದರೆ ಶೇ 36. ಐದು ಲಕ್ಷ ಕೈಗಡ ಇದ್ದರೆ ಎರಡು ರೂಪಾಯಿ ಲೆಕ್ಕದಲ್ಲಿ ತಿಂಗಳಿಗೆ 10 ಸಾವಿರ ಬರೀ ಬಡ್ಡಿ, ಅಸಲು ಹಾಗೇ ಕೂತಿರುತ್ತದೆ.

ಅದೇ ಐದು ಲಕ್ಷವನ್ನು ಬ್ಯಾಂಕಿನ ಶಿಕ್ಷಣ ಸಾಲವಾಗಿ ತೆಗೆದರೆ? ವರ್ಷಕ್ಕೆ 1.25 ಲಕ್ಷದಂತೆ ನಾಲ್ಕು ಕಂತಿನಲ್ಲಿ ಬಿಡುಗಡೆ, ಬಡ್ಡಿ ಶೇ 10 ಅಂತ ಇಟ್ಟುಕೊಳ್ಳಿ. ಕೋರ್ಸ್ ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ. ಅಷ್ಟರಲ್ಲಿ ಬಡ್ಡಿ 1.75 ಲಕ್ಷ ಬೆಳೆದು ಒಟ್ಟು 6.75 ಲಕ್ಷ ಆಗಿರುತ್ತದೆ. ಹತ್ತು ವರ್ಷಕ್ಕೆ ತೀರಿಸಿದರೆ ತಿಂಗಳ ಕಂತು ಸುಮಾರು 8,900. ಓದುವಾಗಲೇ ಬಡ್ಡಿ ಕಟ್ಟುತ್ತಾ ಬಂದರೆ ಕಂತು ಸುಮಾರು 6,600ಕ್ಕೆ ಇಳಿಯುತ್ತದೆ. ಅಂದರೆ ಅಸಲು, ಬಡ್ಡಿ ಎರಡೂ ತೀರುವ ಬ್ಯಾಂಕಿನ ಕಂತು, ಕೈಗಡದ ಬರೀ ಬಡ್ಡಿಗಿಂತ ಕಡಿಮೆ. ಜಗಳೂರಿನ ಆ ರೈತರು ಇದನ್ನು ಕೇಳಿ ಕ್ಯಾಲ್ಕುಲೇಟರ್ ತಮ್ಮ ಕಡೆ ಎಳೆದುಕೊಂಡು ತಾವೇ ಒಮ್ಮೆ ಒತ್ತಿ ನೋಡಿದರು.

ನಾಲ್ಕು ಲಕ್ಷದವರೆಗೆ ಬ್ಯಾಂಕಿನವರು ಸಾಮಾನ್ಯವಾಗಿ ಆಸ್ತಿ ಅಡಮಾನ ಕೇಳುವುದಿಲ್ಲ. ಏಳೂವರೆ ಲಕ್ಷದವರೆಗೂ ಸರ್ಕಾರದ ಗ್ಯಾರಂಟಿ ಮೇಲೆ ಅಡಮಾನ ಇಲ್ಲದೆ ಕೊಡಬಹುದು. ಮನೆಯ ಆದಾಯ ವರ್ಷಕ್ಕೆ 4.5 ಲಕ್ಷದ ಒಳಗಿದ್ದು, ವೃತ್ತಿಪರ ಅಥವಾ ತಾಂತ್ರಿಕ ಕೋರ್ಸ್ ಆಗಿದ್ದರೆ ಓದುವ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಕಟ್ಟುವ ಯೋಜನೆ ಇದೆ. ಮೇಲಿನ ಲೆಕ್ಕದಲ್ಲಿ ಆ 1.75 ಲಕ್ಷದ ಹೆಚ್ಚಿನ ಪಾಲು ಅಲ್ಲೇ ಉಳಿಯಿತು. ಅದಕ್ಕೆ ಕಾಲೇಜಿಗೋ ಕೋರ್ಸಿಗೋ ಗುಣಮಟ್ಟ ನೋಡುವ ನ್ಯಾಕ್ ಅಥವಾ ಎನ್‌ಬಿಎ ಮಾನ್ಯತೆ ಇರಬೇಕು, ಹಾಗಾಗಿ ಸೇರುವ ಮುಂಚೆಯೇ ಕೇಳಿ. 2024ರ ನವೆಂಬರ್‌ನಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ 8 ಲಕ್ಷದವರೆಗೆ ಆದಾಯ ಇರುವವರಿಗೆ, 10 ಲಕ್ಷದವರೆಗಿನ ಸಾಲದ ಮೇಲೆ ಶೇ 3 ಬಡ್ಡಿ ರಿಯಾಯಿತಿ. ಆದರೆ ಅದು ಪಟ್ಟಿಯಲ್ಲಿರುವ ಕಾಲೇಜುಗಳಲ್ಲಿ ಮೆರಿಟ್ ಸೀಟು ಸಿಕ್ಕವರಿಗೆ ಮಾತ್ರ.

ಬ್ಯಾಂಕಿಗಿಂತಲೂ ಕಡಿಮೆ ಬಡ್ಡಿಯದು ಅರಿವು ಸಾಲ. ಸಿಇಟಿಯಲ್ಲಿ ಸೀಟು ಸಿಕ್ಕ ಹಿಂದುಳಿದ ವರ್ಗದ ಮಕ್ಕಳಿಗೆ ದೇವರಾಜ ಅರಸು ನಿಗಮ, ಅಲ್ಪಸಂಖ್ಯಾತರಿಗೆ ಅವರ ನಿಗಮ ಕೊಡುತ್ತದೆ. ಅರಸು ನಿಗಮದಲ್ಲಿ ವರ್ಷಕ್ಕೆ ಹೆಚ್ಚೆಂದರೆ 1 ಲಕ್ಷ, ಬಡ್ಡಿ ಶೇ 2. ಅರ್ಜಿ ಕರೆದಾಗ ಹಾಕಿಬಿಡಬೇಕು, ಆಮೇಲೆ ಅಂದರೆ ಸಿಗಲ್ಲ.

ಎಸ್‌ಸಿ, ಎಸ್‌ಟಿ ಮಕ್ಕಳ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್ಪಿಗೆ ಕೇಂದ್ರದ ಆದಾಯ ಮಿತಿ 2.5 ಲಕ್ಷ. ಕಟ್ಟಡ ಕಾರ್ಮಿಕರ ಕಾರ್ಡ್ ಇರುವವರು ಮಂಡಳಿಯ ಶೈಕ್ಷಣಿಕ ಸಹಾಯಧನಕ್ಕೂ ಕೇಳಬಹುದು. ಗಾರೆ ಕೆಲಸದವರು ಕಾರ್ಡ್ ರಿನ್ಯೂವಲ್ ಮಾಡಿಸದೆ ಇದನ್ನು ಕಳೆದುಕೊಳ್ಳುವುದನ್ನು ಪ್ರತಿ ವರ್ಷ ನೋಡುತ್ತೇನೆ.

ನನ್ನ ಕ್ರಮ ಹೀಗೆ: ಮೊದಲು ಹಾಸ್ಟೆಲ್ ಮತ್ತು ಸ್ಕಾಲರ್‌ಶಿಪ್, ಸಾಲದಿದ್ದರೆ ಅರಿವು, ಆಮೇಲೆ ಬ್ಯಾಂಕು. ಬಂಗಾರದ ಸಾಲ ನಾಲ್ಕು ತಿಂಗಳ ಸೇತುವೆಗೆ ಪರವಾಗಿಲ್ಲ, ಜೋಳ ಮಾರಿ ಬಿಡಿಸಿಕೊಳ್ಳುವ ಹಾಗಿದ್ದರೆ. ಕೈಗಡ ಮಾಡುವಷ್ಟು ಆದರೆ ಕೋರ್ಸನ್ನೇ ಬದಲಾಯಿಸಿ. ಮ್ಯಾನೇಜ್‌ಮೆಂಟ್ ಸೀಟಿಗೆ ಹೊಲ ಮಾರುವುದು ನನಗೆ ಸುತಾರಾಂ ಒಪ್ಪಿಗೆ ಇಲ್ಲ.

ಕಾಗದ ಪತ್ರ

ಇದನ್ನು ಬೇಗ ಮುಗಿಸುತ್ತೇನೆ. ಜಾತಿ, ಆದಾಯ ಪ್ರಮಾಣ ಪತ್ರದ ಆರ್‌ಡಿ ನಂಬರ್ ಇಲ್ಲದೆ ಸಿಇಟಿಯಲ್ಲಿ ಮೀಸಲಾತಿಯೂ ಇಲ್ಲ, ಎಸ್ಸೆಸ್ಪಿಯೂ ಇಲ್ಲ. ರಿಸಲ್ಟ್ ಬರುವ ಮುಂಚೆಯೇ ನಾಡಕಚೇರಿಗೆ ಹೋಗಿ ಬನ್ನಿ. ಆಧಾರ್‌ನಲ್ಲಿ ಇರುವ ಹೆಸರು, ಮಾರ್ಕ್ಸ್ ಕಾರ್ಡಿನಲ್ಲಿ ಇರುವ ಹೆಸರು ಅಕ್ಷರ ಅಕ್ಷರ ಒಂದೇ ಇರಬೇಕು. ಇನಿಷಿಯಲ್ ಹಿಂದೆ ಮುಂದೆ ಆದರೂ ಅರ್ಜಿ ನಿಲ್ಲುತ್ತದೆ.

ಮಗುವಿನ ಹೆಸರಲ್ಲೇ ಬ್ಯಾಂಕ್ ಖಾತೆ ಇರಲಿ, ಅದಕ್ಕೆ ಆಧಾರ್ ಸೀಡಿಂಗ್ (ಜೋಡಣೆ) ಆಗಿರಲಿ. ಸ್ಕಾಲರ್‌ಶಿಪ್ ಹೋಗುವುದು ನೀವು ಅರ್ಜಿಯಲ್ಲಿ ಬರೆದ ಖಾತೆಗಲ್ಲ, ಬ್ಯಾಂಕುಗಳ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐಯಲ್ಲಿ ಆಧಾರ್‌ಗೆ ಜೋಡಿಸಿರುವ ಖಾತೆಗೆ. ನನ್ನ ಚಿಕ್ಕ ಮಗನ ಮೊದಲ ವರ್ಷದ ದುಡ್ಡು ಯಾವುದೋ ಕಾಲದಲ್ಲಿ ಮೊಬೈಲಿನಲ್ಲಿ ತೆರೆದಿದ್ದ ಖಾತೆಗೆ ಹೋಗಿ ಕೂತಿತ್ತು. ಊರವರಿಗೆಲ್ಲ ಅರ್ಜಿ ತುಂಬುವವನ ಮನೆಯಲ್ಲೇ ಹೀಗೆ. ಎಂಟು ತಿಂಗಳು ಬರಲಿಲ್ಲ ಅಂತ ಆಫೀಸಿನವರನ್ನು ಬೈದುಕೊಂಡಿದ್ದೆ.

ಅಪ್ಪನ ಬೆಳೆ ಸಾಲ ಸುಸ್ತಿ ಆಗಿದ್ದರೆ ಶಿಕ್ಷಣ ಸಾಲಕ್ಕೆ ಅಪ್ಪನ ಸಹಿ ನಡೆಯುವುದು ಕಷ್ಟ. ಏಪ್ರಿಲ್‌ನಲ್ಲೇ ಬ್ಯಾಂಕಿಗೆ ಹೋಗಿ ಕೇಳಿ, ಬೇಕಾದರೆ ರಿನ್ಯೂವಲ್ ಮಾಡಿಸಿ. ಅಮ್ಮನ ಹೆಸರಲ್ಲಿ ಆದಾಯ ಇದ್ದರೆ ಅವರನ್ನು ಸಹ ಅರ್ಜಿದಾರರನ್ನಾಗಿ ಮಾಡಬಹುದಾ ಅಂತಲೂ ಕೇಳಿ.

ಜಗಳೂರಿನ ಅಪ್ಪ, ಮಗಳು ಅವತ್ತು ಹಾಳೆ ಮಡಚಿಕೊಂಡು ಹೋದರು. ಮೂರನೇ ದಿನ ಹುಡುಗಿ ಅಮ್ಮನ ಜೊತೆ ಬಂದಳು. ಡಿಪ್ಲೊಮಾ ಅರ್ಜಿ ತುಂಬಲು ಕೂತೆವು. ಬ್ರಾಂಚ್ ಬಂದಾಗ ನಾನು ರೂಢಿಯಂತೆ ಕಂಪ್ಯೂಟರ್ ಮೊದಲು ಇಡಲು ಹೋದೆ. ಅಲ್ಲಿಯವರೆಗೆ ಬಾಯಿ ಬಿಡದ ಹುಡುಗಿ, "ಬ್ಯಾಡ್ರಿ ಸಾರ್, ಸಿವಿಲ್ ಮೊದ್ಲು ಹಾಕ್ರಿ" ಅಂದಳು. "ಯಾಕಮ್ಮಾ?" ಅಂದೆ. "ನಮ್ಮೂರ ಕೆರೆ ಕೆಲ್ಸಕ್ಕೆ ಒಬ್ರು ಮೇಡಂ ಬರ್ತಾರ್ರಿ, ಟೇಪ್ ಹಿಡ್ಕೊಂಡು ಅಳೀತಾರೆ" ಅಂದಳು. ಅಮ್ಮ ನನ್ನ ಮುಖ ನೋಡಿದರು. ನಾನು ಸಿವಿಲ್ ಮೊದಲು ಹಾಕಿದೆ.